ಕಾಡುಗುಡಿಯ ಬಾಗಿಲಿಗೆ ಮೆತ್ತಿದ ವಿಭೂತಿ

ಆ ಗುಡಿಗೆ ಸೂರ್ಯ ಹುಟ್ಟುವ ಮೊದಲೇ ಹೋಗಿ ಕಾಯಬೇಕಿತ್ತು. ಕಾಂಬೋಡಿಯಾದ ಉತ್ತರದ ಕಾಡಿನೊಳಗೆ, ಮರದ ಬೇರುಗಳು ಗೋಡೆಯ ಸಂದಿಗಳಲ್ಲಿ ಇಳಿದು ಕೂತಿದ್ದ ಹಳೆಯ ಶಿವಾಲಯ. ಬಾಗಿಲು ಪೂರ್ವಕ್ಕೆ. ಬಾಗಿಲ ಎರಡೂ ಪಕ್ಕದ ಕಲ್ಲುಕಂಬಗಳ ಒಳಮೈಯಲ್ಲಿ ಸಣ್ಣ ಅಕ್ಷರಗಳ ಸಾಲು. ಮೊದಲ ಬಿಸಿಲು ಆ ಮೈಯನ್ನು ಓರೆಯಾಗಿ ಸವರಿಕೊಂಡು ಹೋಗುವಾಗ ಮಾತ್ರ ಕೊರೆತದಲ್ಲಿ ನೆರಳು ನಿಂತು ಅಕ್ಷರ ಕಾಣುತ್ತಿತ್ತು. ಬಿಸಿಲು ಮೇಲೇರಿದರೆ ಮುಗಿಯಿತು, ಕಲ್ಲು ಬರೀ ಕಲ್ಲು. ಹಾಗಾಗಿ ಬೆಳಕು ಹರಿಯುವ ಮುಂಚೆಯೇ ಎದ್ದು, ನೆಲಬಾಂಬು ತೆಗೆದು ಮುಗಿಸಿದ ದಾರಿಯ ಗುರುತಿಗೆ ನೆಟ್ಟಿದ್ದ ಗೂಟಗಳ ನಡುವೆಯೇ ಹೆಜ್ಜೆ ಇಡುತ್ತ ಹೋಗುತ್ತಿದ್ದೆವು. ಗೂಟ ದಾಟಿ ಹೂವು ಕೀಳಲೂ ಕಾಲಿಡುವ ಹಾಗಿರಲಿಲ್ಲ.

ನಾನು ವಿಜಯಪುರದ ಇಬ್ರಾಹಿಂಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ನಮ್ಮೂರಲ್ಲಿ ಇತಿಹಾಸದ ಹುಚ್ಚಿರುವವರ ಒಂದು ಬಳಗವಿದೆ. ಭಾನುವಾರಕ್ಕೊಮ್ಮೆ ಹಳ್ಳಿ ಸುತ್ತಿ ಕಲ್ಲು ನೋಡಿ, ಬಜಿ ತಿಂದು ಬರುವವರು. ಆ ಬಳಗದಿಂದ ಈ ಕಾಡುಗುಡಿಯ ಶಾಸನಗಳನ್ನು ನಕಲು ಮಾಡುವ ಶಿಬಿರಕ್ಕೆ ಸ್ವಯಂಸೇವಕರಾಗಿ ಆಯ್ಕೆಯಾದವರು ಇಬ್ಬರೇ. ಒಬ್ಬರು ಬಳಗದ ಅಧ್ಯಕ್ಷರು, ನಿವೃತ್ತ ಕಾಲೇಜು ಉಪನ್ಯಾಸಕರು. ಇನ್ನೊಬ್ಬಳು ನಾನು. ಉಳಿದ ಸ್ವಯಂಸೇವಕರು ಬೇರೆ ಬೇರೆ ದೇಶದವರು. ಎಲ್ಲರ ಮೇಲೆ ಆ ದೇಶದವಳೇ ಆದ ಒಬ್ಬ ಮೇಲ್ವಿಚಾರಕಿ, ಮಾತು ಕಡಿಮೆ, ಕಣ್ಣು ಚುರುಕು.

ಕೆಲಸ ಹೇಳುವುದಕ್ಕೆ ಸುಲಭ. ಕಲ್ಲಿನ ಮುಂದೆ ಚೌಕಗಳ ದಾರದ ಚೌಕಟ್ಟು ನಿಲ್ಲಿಸಿ, ಒಂದೊಂದು ಚೌಕದಲ್ಲಿ ಕಂಡಷ್ಟನ್ನೇ ಕಾಗದದ ಮೇಲಿನ ಚೌಕಕ್ಕೆ ಇಳಿಸುವುದು. ಅಕ್ಷರದ ಕೊರೆತ ಯಾವುದು, ಕಲ್ಲಿನ ಬಿರುಕು ಯಾವುದು, ಪಾಚಿ ಕಚ್ಚಿದ ಗುರುತು ಯಾವುದು ಎಂದು ಬೇರೆ ಬೇರೆ ಗೆರೆಯಲ್ಲಿ ತೋರಿಸುವುದು. ಓದಲು ಬಂದರೂ ಓದಬಾರದು. ಓದಿದರೆ ಕೈ ಕಣ್ಣಿಗೆ ಕಾಣದ್ದನ್ನೂ ಬರೆದುಬಿಡುತ್ತದೆ. ಬಿಸಿಲು ಏರಿದ ಮೇಲೂ ಕೆಲಸ ಉಳಿದಿದ್ದರೆ ಕೈಗನ್ನಡಿ: ಒಬ್ಬರು ಹೊರಗೆ ಬಿಸಿಲಲ್ಲಿ ನಿಂತು ಬೆಳಕನ್ನು ಓರೆಯಾಗಿ ಕಲ್ಲಿನ ಮೇಲೆ ಹಾಯಿಸುವುದು, ಇನ್ನೊಬ್ಬರು ಬರೆಯುವುದು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ. ಕಲ್ಲಿಗೆ ಏನನ್ನೂ ಹಚ್ಚಬಾರದು. ನೀರೂ ಬೇಡ, ಬೆರಳೂ ಬೇಡ. ಅದು ಮರಳುಗಲ್ಲು, ಜೋರಾಗಿ ಉಜ್ಜಿದರೆ ಸಕ್ಕರೆಯಂತೆ ಉದುರುತ್ತಿತ್ತು.

ನಮ್ಮ ಕಡೆಯ ಕಲ್ಲು ಹಾಗಲ್ಲ. ನಮ್ಮದು ಕರಿಕಲ್ಲು. ಎಣ್ಣೆ ಹೊಯ್ಯಿ, ಅರಿಶಿನ ಬಳಿ, ಎಮ್ಮೆ ಮೈ ತಿಕ್ಕಲಿ, ಜಪ್ಪಯ್ಯ ಅನ್ನುವುದಿಲ್ಲ. ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಶಾಸನ ಓದುವವರಿಗೆ ಒಂದು ರೂಢಿ ಇದೆ. ಅಕ್ಷರ ಕಾಣದಿದ್ದರೆ ವಿಭೂತಿ ಗಟ್ಟಿ ತೆಗೆದು ಕಲ್ಲಿನ ಮೇಲೆ ತಿಕ್ಕುವುದು, ಅಂಗೈಯಿಂದ ಒರೆಸುವುದು. ಕರಿ ಮೈ ಮೇಲೆ ಬಿಳಿ ಅಕ್ಷರ ಎದ್ದು ನಿಲ್ಲುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ನಮ್ಮ ಅಧ್ಯಕ್ಷರು ಈ ಕೆಲಸದಲ್ಲಿ ಪಳಗಿದವರು. ವಿದೇಶದಲ್ಲಿ ಯಾರಾದರೂ ಏನಾದರೂ ಅಂದಾರು ಎಂದು ಹಣೆಗೆ ಹಚ್ಚುವುದನ್ನು ಬಿಟ್ಟಿದ್ದರು. ಗಟ್ಟಿ ಮಾತ್ರ ಅಂಗಿಯ ಕಿಸೆಯಲ್ಲಿ ಇದ್ದೇ ಇತ್ತು.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದು ನೋಡಿದರೆ ಬಾಗಿಲ ಕಂಬದ ಒಂದು ಭಾಗ ಬೆಳ್ಳಗಾಗಿದೆ. ಅಧ್ಯಕ್ಷರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಾರೆ.

"ಸರ್, ಏನ್ ಮಾಡಾಕತ್ತೀರಿ!" ಎಂದು ಕಿರುಚಿದೆ.

"ಏ, ಸುಮ್ಮನಿರವಾ. ಬಳಗದ ಗ್ರೂಪಿಗೆ ಒಂದ ಫೋಟೊ ಬೇಕಿತ್ತು. ಒರಸಿದರ ಹೋಗತೈತಿ."

ಹೋಗಲಿಲ್ಲ. ಅವರು ಬಾಟಲಿಯ ನೀರು ಹೊಯ್ದರು. ಬೂದಿ ಕೆಸರಾಗಿ ಅಕ್ಷರದ ಒಳಗೆ ಇನ್ನೂ ಗಟ್ಟಿಯಾಗಿ ಕೂತಿತು. ಅಂಗೈಯಿಂದ ತಿಕ್ಕಿದ ಕಡೆ ಅಕ್ಷರಗಳ ಅಂಚು ಉದುರಿ ನೆಲದ ಮೇಲೆ ಸಣ್ಣ ಮರಳು ಬಿದ್ದಿತ್ತು. ನನ್ನ ಮೆತ್ತನೆಯ ಕುಂಚ ತೆಗೆದು, ಮೊಣಕಾಲೂರಿ, ಮೇಲೆ ಮೇಲಿನದನ್ನಾದರೂ ತೆಗೆಯೋಣ ಎಂದು ಕೂತೆ. ಅದೇ ಹೊತ್ತಿಗೆ ಮೇಲ್ವಿಚಾರಕಿ ಬಂದಳು. ಅವಳು ಕಂಡದ್ದು ಇಷ್ಟೇ: ಕಂಬದ ಮೇಲೆ ಬಿಳಿ, ನನ್ನ ಕೈಗೆ ಬಿಳಿ, ನನ್ನ ಕೈಯಲ್ಲಿ ಕುಂಚ. ಅಧ್ಯಕ್ಷರು ಅಷ್ಟರಲ್ಲಿ ದೂರ ಸರಿದು ಕರವಸ್ತ್ರದಿಂದ ಕೈ ಒರೆಸಿಕೊಂಡಿದ್ದರು.

ಅವಳು ಆ ಬೂದಿಯನ್ನು ಬೆರಳ ತುದಿಯಲ್ಲಿ ತೆಗೆದು, ಹೊಸೆದು, ಮೂಸಿ ನೋಡಿದಳು. ಏನಿದು ಎಂದು ಕೇಳಿದಳು. ಉತ್ತರ ಕೊಟ್ಟವರು ಅಧ್ಯಕ್ಷರು, ಒಳ್ಳೆಯ ಇಂಗ್ಲಿಷಿನಲ್ಲಿ. "ಇದು ಪವಿತ್ರ ಭಸ್ಮ ಮೇಡಂ. ಇವಳ ಮನೆಯ ಪದ್ಧತಿ. ಇನ್ನೂ ಚಿಕ್ಕವಳು, ಭಕ್ತಿಯಿಂದ ಹಚ್ಚಿದ್ದಾಳೆ. ದಯವಿಟ್ಟು ಕ್ಷಮಿಸಿ." ನನ್ನ ಪರವಾಗಿ ಕೈ ಬೇರೆ ಮುಗಿದರು.

ನನ್ನ ಮನೆಯ ಪದ್ಧತಿ! ನಮ್ಮಜ್ಜ ಬೌದ್ಧ ದೀಕ್ಷೆ ತೆಗೆದುಕೊಂಡವನು. ದೇವರ ಜಗಲಿಯ ಸಾಮಾನನ್ನೆಲ್ಲ ಅವತ್ತೇ ಮೂಟೆ ಕಟ್ಟಿಟ್ಟನಂತೆ. ನಮ್ಮ ಮನೆಯಲ್ಲಿ ವಿಭೂತಿ ಹುಡುಕುವುದೂ ಒಂದೇ, ನಮ್ಮ ಬಾವಿಯಲ್ಲಿ ಮುತ್ತು ಹುಡುಕುವುದೂ ಒಂದೇ. ವಿಜಯಪುರದಲ್ಲಿ ಯಾರಿಗಾದರೂ ಈ ಮಾತು ಹೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ಕಾಡಿನಲ್ಲಿ ನಗುವವರು ಯಾರು?

"ನಾನು ಮಾಡಿಲ್ಲ. ನಾನು ಬೌದ್ಧಳು, ನಮ್ಮ ಮನೆಗೆ ಈ ಬೂದಿ ಬರುವುದೇ ಇಲ್ಲ" ಎಂದು ಗಂಟಲು ಹರಿಯುವಂತೆ ಕೂಗಿದೆ. ಮೇಲ್ವಿಚಾರಕಿ ಹುಬ್ಬು ಗಂಟಿಕ್ಕಿದಳು. "ನಾನೂ ಬೌದ್ಧಳೇ. ನಮ್ಮ ವಿಹಾರದಲ್ಲಿ ಊದುಬತ್ತಿಯ ಬೂದಿ ರಾಶಿ ಇದೆ. ಬೌದ್ಧಳಾದರೆ ಬೂದಿ ಮುಟ್ಟುವುದಿಲ್ಲ ಎಂದು ಯಾರು ಹೇಳಿದರು?" ಎಂದಳು. ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅದಕ್ಕೆ ಉತ್ತರ ಕೊಡಲು ನಮ್ಮೂರನ್ನೇ ಅಲ್ಲಿಗೆ ಹೊತ್ತು ತರಬೇಕಿತ್ತು.

ಮರುದಿನ ಬೆಳಗಿನ ಸಭೆಯಲ್ಲಿ, ಸ್ವಯಂಸೇವಕರು, ಹುಲ್ಲು ಕೊಯ್ಯುವ ಹೆಂಗಸರು, ಅಡುಗೆಯವರು ಎಲ್ಲರ ಎದುರು ನನ್ನ ಹೆಸರು ಹೇಳಿ ನನ್ನನ್ನು ಚಿತ್ರದ ಕೆಲಸದಿಂದ ತೆಗೆದರು. ಶಿಬಿರ ಮುಗಿಯುವವರೆಗೆ ಬೇಲಿಯ ಹೊರಗೆ ಹುಲ್ಲು ಕೊಯ್ದೆ. ಕೆಲಸಕ್ಕೆ ನಾಚಿಕೆ ಪಟ್ಟವಳಲ್ಲ ನಾನು. ಆದರೆ ನಾನು ಅರ್ಧ ಬರೆದಿಟ್ಟ ಚೌಕಗಳನ್ನು ಮುಂದುವರಿಸಿದವರು ಅಧ್ಯಕ್ಷರು. ಕುಡುಗೋಲು ಹಿಡಿದು ಬೇಲಿಯಾಚೆ ನಿಂತು ಅವರ ಬೆನ್ನು ನೋಡುತ್ತಿದ್ದೆ. ನಿನ್ನನ್ನು ಬಿಡುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ. ಯಾರಿಗೂ ಹೇಳಲಿಲ್ಲ, ನನಗೆ ನಾನೇ ಹೇಳಿಕೊಂಡೆ.

ಊರಿಗೆ ಬಂದ ಮೇಲೆ ಇನ್ನೊಂದು ಆಶ್ಚರ್ಯ ಕಾದಿತ್ತು. ನನ್ನ ಜೊತೆ ಕೆಲಸ ಮಾಡುವ ಗಣಿತದ ಟೀಚರು ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಕೇಳಿದಳು.

"ಅಲ್ರಿ, ಅಲ್ಲಿ ಗುಡಿ ಕಲ್ಲಿಗೆ ನೀವು ಖಡು ಹಚ್ಚಿ ಕೆಡಿಸಿದ್ರಂತ ಹೌದೇನ್ರಿ? ಮಂದಿ ಅನ್ನಾಕತ್ತಾರ."

ಖಡು ಎಂದರೆ ಚಾಕ್‌ಪೀಸು. ಕಾಡಿನಲ್ಲಿದ್ದ ಭಸ್ಮ ವಿಜಯಪುರದ ರೈಲ್ವೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಖಡು ಆಗಿತ್ತು. ಅಧ್ಯಕ್ಷರ ತಲೆ ನೋಡಿ! ಇಲ್ಲಿ ವಿಭೂತಿ ಅಂದರೆ ಯಾರ ಕಿಸೆಯದು ಎಂದು ಸಣ್ಣ ಮಕ್ಕಳೂ ಹೇಳುತ್ತಾರೆ. ಡ್ರಾಯಿಂಗ್ ಟೀಚರ ಕೈಯಲ್ಲಿ ಖಡು ಅಂದರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹಳೆಯ ಕಟ್ಟಡ ನೋಡಲು ಕರೆದೊಯ್ಯುವ ಕೆಲಸ ನನ್ನದಿತ್ತು. "ಸ್ವಲ್ಪ ದಿವಸ ಬ್ಯಾರೆಯವರು ನೋಡಕೊಳ್ಳಲಿ ಬಿಡ್ರಿ" ಎಂದು ಹೆಡ್ ಮೇಡಂ ಅದನ್ನೂ ಕಿತ್ತುಕೊಂಡರು.

ಬಳಗದ ಕಾರ್ಯದರ್ಶಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡು, "ದೊಡ್ಡವರದಾರ ತಂಗಿ, ಬಿಟ್ಟಬಿಡು. ಆಗಿದ್ದು ಆತು" ಎಂದರು. ಮೇಲ್ವಿಚಾರಕಿಗೆ ಉದ್ದದ ಇಮೇಲ್ ಬರೆದೆ. ಆ ವಿಷಯ ಮುಗಿದಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಅವತ್ತು ಅನ್ನ ಸೇರಲಿಲ್ಲ. ಅವ್ವ ಕೇಳಿದ್ದಕ್ಕೆ, "ನಾ ಅವರನ್ನ ಎಲ್ಲಾರ ಮುಂದ ನಿಲ್ಲಸ್ತೇನಿ, ನೋಡಬೇ" ಎಂದೆ. ಅವ್ವ, "ಮೊದಲ ಉಣ್ಣು. ಉಪಾಸ ಇದ್ದು ಯಾರನ್ನೂ ನಿಲ್ಲಸಾಕ ಆಗಂಗಿಲ್ಲ" ಎಂದಳು.

ಬೇಸಿಗೆ ಏರುವ ಕಾಲಕ್ಕೆ ಅವಕಾಶ ತಾನಾಗಿಯೇ ಬಂತು. ಮೇಲ್ವಿಚಾರಕಿ ಯಾವುದೋ ತರಬೇತಿಗೆಂದು ಭಾರತಕ್ಕೆ ಬರುವವಳಿದ್ದಳು. ವಿಜಯಪುರದ ಗುಮ್ಮಟಗಳನ್ನೂ ಸುತ್ತಲಿನ ಹಳ್ಳಿಗಳ ಶಾಸನಗಳನ್ನೂ ನೋಡಬೇಕು, ಮುಂದಿನ ಶಿಬಿರಕ್ಕೆ ಜನರನ್ನೂ ಆರಿಸಬೇಕು ಎಂದು ಬಳಗಕ್ಕೆ ಬರೆದಿದ್ದಳು. ಅಧ್ಯಕ್ಷರು ಹೊಸ ಅಂಗಿ ಹೊಲಿಸಲು ಹಾಕಿದರು ಎಂಬ ಸುದ್ದಿಯೂ ಬಂತು.

ನಾನು ನೇರ ಅವರ ಮನೆಗೆ ಹೋದೆ. "ಸರ್, ತಿರುಗಾಟದ ಏರ್ಪಾಡೆಲ್ಲಾ ನಾ ನೋಡಕೋತೇನ್ರಿ" ಎಂದೆ. ಸೋತು ಶರಣಾಗಿ ಬಂದಿದ್ದಾಳೆ ಎಂದುಕೊಂಡರು. "ಹಿಂಗಿರಬೇಕು ನೋಡವಾ. ಮನಸಿನ್ಯಾಗ ಏನೂ ಇಟಕೋಬಾರದು" ಎಂದು ಚಹಾ ಕುಡಿಸಿದರು. ನಾನೂ ಸಕ್ಕರೆ ಸರಿಯಾಗಿದೆ ಎಂದು ಹೇಳಿ ಕುಡಿದೆ.

ಆಮೇಲೆ ನನ್ನ ಕೆಲಸ ಶುರುವಾಯಿತು. ರಜೆ ಇದ್ದಾಗಲೆಲ್ಲ ಸ್ಕೂಟಿ ತೆಗೆದುಕೊಂಡು ಕಲ್ಲು ಹುಡುಕುತ್ತ ತಿರುಗಿದೆ. ಇಟ್ಟಂಗಿಹಾಳದಲ್ಲಿ ಒಂದಿತ್ತು, ಆದರೆ ಅಕ್ಷರ ದಪ್ಪ, ಕುರುಡರೂ ಕೈಯಾಡಿಸಿ ಓದಬಹುದು. ನನಗೆ ಬೇಡ. ತಿಕೋಟಾದ ಕಡೆ ನೋಡಿದ್ದು ಮರದ ನೆರಳಿನಲ್ಲಿತ್ತು, ಅದೂ ಬೇಡ. ಕೊನೆಗೆ ಬಬಲೇಶ್ವರ ತಾಲೂಕಿನ ನಿಡೋಣಿಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಒಬ್ಬ ವಯಸ್ಸಾದ ಆಯಿಯ ಹೊಲದ ಬದುವಿನಲ್ಲಿ, ಯಾವಾಗಲೋ ಉರುಳಿ ಅಂಗಾತ ಮಲಗಿದ್ದ ಕರಿಕಲ್ಲು, ಅಧ್ಯಕ್ಷರು ಹಲವು ಸಲ ಬಂದು ಓದಿದ್ದು. ಅಕ್ಷರ ತೆಳ್ಳಗೆ. ಬೆಳಿಗ್ಗೆ ಹೋದರೆ ಓರೆ ಬಿಸಿಲಿಗೆ ಒಂದೊಂದು ಸಾಲೂ ಸ್ಪಷ್ಟ. ನಡುಮಧ್ಯಾಹ್ನ ಬಿಸಿಲು ನೆತ್ತಿಯಿಂದ ನೇರ ಬಿದ್ದಾಗ ನೆರಳೆಂಬುದೇ ಇಲ್ಲ, ಒಂದು ಅಕ್ಷರವೂ ಕಾಣುವುದಿಲ್ಲ. ಎರಡೂ ಹೊತ್ತಿಗೆ ಹೋಗಿ ನೋಡಿ ಖಾತ್ರಿ ಮಾಡಿಕೊಂಡೆ. ಅಷ್ಟರಲ್ಲಿ ಆಯಿ ನನ್ನ ಮನೆ, ಓಣಿ, ಮಂದಿ ಎಲ್ಲ ವಿಚಾರಿಸಿಕೊಂಡಿದ್ದಳು.

ಬೆಳಿಗ್ಗೆ ಊರಿನ ಗುಮ್ಮಟಗಳು, ಆಮೇಲೆ ತಿಕೋಟಾ, ಆಮೇಲೆ ಬಬಲೇಶ್ವರದ ಮೇಲೆ ಹಾಯ್ದು ನಿಡೋಣಿ. ಹೀಗೆ ಹೊತ್ತು ಹೊಂದಿಸಿದೆ. ತಿಕೋಟಾದಲ್ಲಿ ಬೇಗ ಮುಗಿಯುವ ಲಕ್ಷಣ ಕಂಡಾಗ, ಮೇಡಂ ನಮ್ಮ ಕಡೆ ಮಿರ್ಚಿ ಬಜಿ ತಿನ್ನದೆ ಹೋದರೆ ಹೇಗೆ ಎಂದು ಎಲ್ಲರನ್ನೂ ಹೋಟೆಲಿಗೆ ನುಗ್ಗಿಸಿದೆ. ಮೇಲ್ವಿಚಾರಕಿ ನನ್ನ ಜೊತೆ ಸೌಜನ್ಯದಿಂದಲೇ ಇದ್ದಳು, ಆದರೆ ಕಲ್ಲಿನ ಬಗ್ಗೆ ಏನು ಕೇಳುವುದಿದ್ದರೂ ಅಧ್ಯಕ್ಷರನ್ನೇ ಕೇಳುತ್ತಿದ್ದಳು. ಕೇಳಲಿ, ಇನ್ನು ಸ್ವಲ್ಪ ಹೊತ್ತು ಕೇಳಲಿ ಎಂದುಕೊಂಡು ಅವಳಿಗೆ ಇನ್ನೊಂದು ಮಿರ್ಚಿ ಹಾಕಿಸಿದೆ.

ನಿಡೋಣಿಗೆ ತಲುಪಿದಾಗ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಹೊಲದ ಆಯಿ ಸೆರಗು ತಲೆಗೆ ಹೊದ್ದು ಬದುವಿನ ಮೇಲೆ ನಿಂತಿದ್ದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ, ಅಂದರೆ ಭೂತಾಯಿಗೆ ಎಡೆ ಹಾಕುವಾಗ, ಈ ಕಲ್ಲಿಗೂ ಒಂದು ತುತ್ತು ಇಡುವವಳು ಅವಳು. ಬಳಗದ ಏಳೆಂಟು ಜನ ಕಲ್ಲಿನ ಸುತ್ತ ನಿಂತರು.

"ಸರ್, ನೀವು ಇದನ್ನ ಭಾಳ ಸಲ ಓದೀರಿ. ಮೇಡಂಗ ಓದಿ ತೋರಸ್ರಿ" ಎಂದೆ.

ಅಧ್ಯಕ್ಷರು ಬಗ್ಗಿ ನೋಡಿದರು. ಕಣ್ಣು ಕಿರಿದು ಮಾಡಿದರು. ಆ ಕಡೆ ಹೋದರು, ಈ ಕಡೆ ಬಂದರು. ಮೊದಲ ಸಾಲು ಬಾಯಿಪಾಠದಿಂದ ಹೇಳಿದರು. ಮೇಲ್ವಿಚಾರಕಿ ಅದು ಎಲ್ಲಿದೆ ತೋರಿಸಿ ಎಂದಳು. ತೋರಿಸಲು ಆಗಲಿಲ್ಲ. ಹೊಸ ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತು.

ನನ್ನ ಚೀಲದಲ್ಲಿ ಕೈಗನ್ನಡಿ ಇತ್ತು. ಕಲ್ಲಿನ ಪಕ್ಕ ಕೂತು ನೆಲದ ಮಟ್ಟದಿಂದ ಬೆಳಕು ಹಾಯಿಸಿದ್ದರೆ ಸಾಲುಗಳು ಎದ್ದು ಬರುತ್ತಿದ್ದವು. ಅವರ ಮರ್ಯಾದೆಯೂ ಉಳಿಯುತ್ತಿತ್ತು. ಕೈ ಜಿಪ್ಪಿನ ಮೇಲೆ ಹೋದದ್ದೂ ನಿಜ. ಬೇಲಿಯಾಚೆಯಿಂದ ಕಂಡ ಆ ಬೆನ್ನು ನೆನಪಾಯಿತು. ಕೈ ಹಿಂದಕ್ಕೆ ತೆಗೆದೆ.

ನಾನು ಬಾಯಿ ಬಿಡಬೇಕಾಗಿಯೇ ಬರಲಿಲ್ಲ. ಅಧ್ಯಕ್ಷರ ಹಿಂದೆಯೇ ಓಡಾಡುವ ಖಜಾಂಚಿ, "ಸರ್, ನಿಮ್ಮ ವಿಭೂತಿ ಹಚ್ಚರಲಾ. ಯಾವಾಗೂ ಹಚ್ಚತೀರಲ್ಲ, ಮುತ್ತಿನಂಗ ಕಾಣತಾವು ಅಕ್ಷರ" ಎಂದರು. ಅಧ್ಯಕ್ಷರ ಕೈ ತಾನಾಗಿಯೇ ಕಿಸೆಗೆ ಹೋಯಿತು. ಅಷ್ಟು ಜನರ ಮುಂದೆ ಓದಲಾರೆ ಎನ್ನುವುದಕ್ಕಿಂತ ಅದೇ ಸುಲಭವಾಗಿತ್ತು. ಗಟ್ಟಿ ತೆಗೆದು ಉದ್ದಕ್ಕೂ ತಿಕ್ಕಿ, ಅಂಗೈಯಿಂದ ಒರೆಸಿದರು. ಅಕ್ಷರ ಬೆಳ್ಳಗೆ ಎದ್ದವು. ಬಳಗದವರು ವಾಹ್ ಎಂದರು.

ಮೇಲ್ವಿಚಾರಕಿ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಬೂದಿಯನ್ನು ಬೆರಳ ತುದಿಗೆ ತೆಗೆದುಕೊಂಡು ಹೊಸೆದಳು, ಮೂಸಿದಳು. ಏನಿದು ಎಂದು ಕೇಳಿದಳು.

"ವಿಭೂತಿ ಮೇಡಂ, ಅಂದರೆ ನಮ್ಮ ಪವಿತ್ರ..." ಎಂದ ಅಧ್ಯಕ್ಷರ ಮಾತು ಅಲ್ಲಿಗೇ ನಿಂತಿತು. ಆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಸಣ್ಣವಳಿದ್ದಾಗ ಬಣ್ಣದ ಪೆಟ್ಟಿಗೆ ಸಿಕ್ಕಾಗಲೂ ಆಗಿರಲಿಲ್ಲ.

ಆಯಿಗೆ ಇಂಗ್ಲಿಷು ಬಾರದು, ಆದರೆ ಮಾತು ಯಾವುದರ ಬಗ್ಗೆ ಎಂದು ಗೊತ್ತಾಗಿತ್ತು. "ಸರ್ ಬಂದಾಗೊಮ್ಮೆ ಹಿಂಗ ಹಚ್ಚತಾರಬೇ. ಮಳಿ ಬಂದ ಮ್ಯಾಲ ತೊಳಕೊಂಡ ಹೋಗತೈತಿ" ಎಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಪದವನ್ನೂ ಬಿಡದೆ.

"ಈ ಹುಡುಗಿಯೂ ಹಚ್ಚುತ್ತಾಳಾ ಎಂದು ಅವರನ್ನು ಕೇಳು" ಎಂದಳು ಮೇಲ್ವಿಚಾರಕಿ ನನಗೇ. ಕೇಳಿದೆ.

ಆಯಿ ನಕ್ಕೇಬಿಟ್ಟಳು. "ನೀ ಎಲ್ಲಿಂದ ತರ್ತೀಬೇ ವಿಭೂತಿ? ನಿಮ್ಮ ಮಂದಿ ಬುದ್ಧನ್ನ ನಂಬಿದವರು. ನಿಮ್ಮ ಓಣ್ಯಾಗ ಯಾರ ಹಚ್ಚತಾರ ಅದನ್ನ?"

ಎಷ್ಟೋ ಮನೆಯ ಹೊಸ್ತಿಲಲ್ಲಿ 'ನಿಮ್ಮ ಮಂದಿ' ಎಂಬ ಮಾತು ನನ್ನನ್ನು ಹೊರಗೇ ನಿಲ್ಲಿಸಿದೆ. ಅವತ್ತು ಅದೇ ಮಾತು ನನ್ನ ಪರ ಸಾಕ್ಷಿ ಹೇಳಿತು. ಅದನ್ನೂ ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ.

"ಅದನ್ನ ಹೇಳಬ್ಯಾಡವಾ" ಎಂದರು ಅಧ್ಯಕ್ಷರು, ಮೆಲ್ಲಗೆ.

ಆಯಿ ಹೇಳಿದ್ದನ್ನು ಹೇಳಿದೆ. 'ಅದನ್ನು ಹೇಳಬೇಡ ಎನ್ನುತ್ತಿದ್ದಾರೆ' ಎಂಬುದನ್ನೂ ಸೇರಿಸಿ ಹೇಳಿದೆ. ಖಜಾಂಚಿ ನೆಲ ನೋಡಿದರು. ಕಾರ್ಯದರ್ಶಿ, "ಮತ್ತ ಖಡು ಅಂದ್ರಲ್ರಿ ಸರ್?" ಎಂದು ಕೇಳಿದರು. ಅಧ್ಯಕ್ಷರು ಕೈ ಕೂಡ ಒರೆಸಿಕೊಳ್ಳದೆ ಹೋಗಿ ಬೇರೆಯವರ ಕಾರಿನಲ್ಲಿ ಕೂತರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮೇಲ್ವಿಚಾರಕಿ ಮತ್ತು ನಾನು ಇಬ್ಬರೇ. ಅವಳು ಕಿಟಕಿಯಾಚೆ ದ್ರಾಕ್ಷಿ ತೋಟಗಳನ್ನು ನೋಡುತ್ತಿದ್ದಳು. ಆಮೇಲೆ, "ಮಲಗಿದ ಕಲ್ಲಿಗೆ ಮಧ್ಯಾಹ್ನ ಕರೆತಂದೆ. ನಿನಗೆ ಬೆಳಕು ಗೊತ್ತು" ಎಂದಳು.

"ಗೊತ್ತು."

"ಅವರು ಹಚ್ಚುತ್ತಾರೆ ಎಂದೂ ಗೊತ್ತಿತ್ತು."

"ಗೊತ್ತಿತ್ತು."

"ಹಚ್ಚುವ ಮೊದಲು ಬೇಡ ಎಂದು ನೀನು ಕೂಗಬಹುದಿತ್ತು."

"ಕಾಡಿನಲ್ಲಿ ಕೂಗಿದ್ದೆನಲ್ಲ. ನಂಬಿದಿರಾ?"

ಅವಳು ನನ್ನ ಕಡೆ ತಿರುಗಿ ಕಣ್ಣು ತಗ್ಗಿಸಿದಳು. ಅವಳಿಗೂ ಇದು ತಾಗಬೇಕೆಂದು ನಾನು ಮೊದಲು ಎಣಿಸಿರಲಿಲ್ಲ. ತಾಗಿದಾಗ ಮಾತ್ರ, ಇದೂ ಬಾಕಿ ಇತ್ತು ಅನ್ನಿಸಿತು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ನಿಡೋಣಿಗೆ ಹೋಗಿ ಒಣ ಕುಂಚದಿಂದ, ಆಮೇಲೆ ಬರೀ ನೀರಿನಿಂದ ಆ ಕಲ್ಲನ್ನು ಸ್ವಚ್ಛ ಮಾಡಿದೆ. ಕರಿಕಲ್ಲಿಗೆ ಏನೂ ಆಗಿರಲಿಲ್ಲ. ಆಯಿ ರೊಟ್ಟಿ ಕಟ್ಟಿಕೊಟ್ಟಳು. ಕೆಲವು ದಿನಗಳ ನಂತರ ಹೆಡ್ ಮೇಡಂ ಮಕ್ಕಳ ತಿರುಗಾಟದ ಕೆಲಸವನ್ನು ನನಗೇ ಮರಳಿಸಿದರು. ಅಧ್ಯಕ್ಷರು ಬಳಗಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದು ಖಜಾಂಚಿಯ ಕೈಯಲ್ಲಿ ಹೇಳಿ ಕಳಿಸಿದ್ದರು. ಇಟ್ಟುಕೊಂಡಿದ್ದೇನೆ, ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದೆ.

ಮೇಲ್ವಿಚಾರಕಿಯ ಇಮೇಲ್ ಬಂತು. ತಪ್ಪಾಯಿತು, ಮುಂದಿನ ಶಿಬಿರಕ್ಕೆ ಬಾ, ನಿನ್ನ ಕೆಲಸ ನಿನಗೇ ಎಂದಿದ್ದಳು. ನಾನು ಬರೆದೆ: ಬರುತ್ತೇನೆ. ಆದರೆ ಈ ಮಾತನ್ನು ಇಮೇಲಿನಲ್ಲಿ ಹೇಳಿದರೆ ಸಾಲದು. ನನ್ನ ಹೆಸರು ಎಲ್ಲರ ಮುಂದೆ ಕೆಟ್ಟಿತು. ಆ ಹುಲ್ಲು ಕೊಯ್ಯುವ ಹೆಂಗಸರು, ಆ ಅಡುಗೆಯವರು ಇರುವಾಗ, ಅವರ ಭಾಷೆಯಲ್ಲಿ, ಅವರಿಗೆ ಕೇಳುವ ಹಾಗೆ ಹೇಳಬೇಕು. ಎರಡು ದಿನದ ಮೇಲೆ ಅವಳು, ಹೇಳುತ್ತೇನೆ ಎಂದು ಬರೆದಳು.

ಈ ಚಳಿಗಾಲಕ್ಕೆ ಹೊರಟಿದ್ದೇನೆ. ಮೊದಲು ನಿಂತು ಆ ಮಾತು ಕೇಳುತ್ತೇನೆ. ಗುಡಿಗೆ ಆಮೇಲೆ ಹೋದರಾಯಿತು.